ಅಜ್ಜಿಯ ಇಪ್ಪತ್ತೆಂಟು

ಆಗ ನಮ್ಮ ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಬೇಸಿಗೆ ರಜ ಬಂತೆಂದರೆ ನಮ್ಮ ಬೀದಿಯ ಮಕ್ಕಳಿಗೆ ಬೆಳಿಗ್ಗೆ ಲಗೋರಿ, ಮಧ್ಯಾಹ್ನ ಉಪ್ಪುಖಾರ ಹಚ್ಚಿದ ಮಾವಿನಕಾಯಿ, ಸಂಜೆ ಅಮ್ಮಂದಿರ ಬೈಗುಳ. ನಾನು ಏಳನೇ ಕ್ಲಾಸು ಮುಗಿಸಿದ ವರ್ಷ ಮಾತ್ರ ರಜವೆಲ್ಲ ಒಂದು ಮಂಚದ ಸುತ್ತಲೇ ಕಳೆಯಿತು. ಆ ವರ್ಷ ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು.

ಅಜ್ಜಿ ಎಂದರೆ ಅಪ್ಪನ ತಾಯಿ. ಚಿಂತಾಮಣಿ ಕಡೆಯ ಹಳ್ಳಿಯವರು. ಡಾಕ್ಟರು ಕಾಲಿಗೆ ಪ್ಲಾಸ್ಟರ್ ಹಾಕಿ ಆರು ವಾರ ಅಲ್ಲಾಡಬೇಡಿ ಎಂದಿದ್ದರಿಂದ ಅಪ್ಪ ಅವರನ್ನು ನಮ್ಮ ಮನೆಗೆ ಕರೆತಂದು ಪಡಸಾಲೆಯ ಮಂಚದ ಮೇಲೆ ಕೂರಿಸಿದರು. ಒಂದು ವಾರ ಅಜ್ಜಿ ಕಿಟಕಿಯಲ್ಲಿ ಹೋಗಿಬರುವವರನ್ನು ಎಣಿಸಿದರು. ಎಂಟನೇ ದಿನ ನನ್ನನ್ನು ಹತ್ತಿರ ಕರೆದು, "ಸುಮಾ, ನನ್ನ ಟ್ರಂಕಲ್ಲಿ ಹಳದಿ ಸೀರೆ ಕೆಳಗೆ ಒಂದು ಡಬ್ಬಿ ಐತೆ, ತಗೊಂಬಾರಮ್ಮ" ಎಂದರು.

ಡಬ್ಬಿಯಲ್ಲಿದ್ದದ್ದು ಇಸ್ಪೀಟು ಎಲೆ!

ನಾನು ತಟ್ಟನೆ ಮುಚ್ಚಳ ಮುಚ್ಚಿದೆ. ನಮ್ಮಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಇಸ್ಪೀಟು ಎಲೆ ಈ ಮನೆಯ ಹೊಸ್ತಿಲು ದಾಟಬಾರದು ಎಂಬುದು ಅವರ ಕಟ್ಟಪ್ಪಣೆ. ಕಾಲೇಜಿಗೆ ಹೋಗುತ್ತಿದ್ದಾಗ ಅಪ್ಪ ಎಲೆ ಆಡುತ್ತಿದ್ದರೆಂದೂ, ಅಜ್ಜಿಯೇ ತಲೆ ಮುಟ್ಟಿಸಿ ಆಣೆ ಹಾಕಿಸಿ ಬಿಡಿಸಿದರೆಂದೂ ಅಮ್ಮ ಹೇಳಿದ್ದಳು.

"ಅಪ್ಪ ಬೈತಾರಜ್ಜಿ."

"ನಿಮ್ಮಪ್ಪ ಕೋಲಾರದಲ್ಲಿ ಪೇಪರ್ ತಿದ್ದಕ್ಕೆ ಹೋಗವ್ನೆ. ಬರೋದು ಏಳು ಗಂಟೆಗೆ. ಇನ್ನಿಬ್ಬರನ್ನ ಹುಡುಕ್ಕೊಂಡು ಬಾ."

ಇನ್ನಿಬ್ಬರು ಸಿಕ್ಕಿದ್ದು ಎದುರು ಸಾಲಿನಲ್ಲೇ. ಒಬ್ಬಳು ನನ್ನ ಕ್ಲಾಸಿನ ಶಬಾನ. ಅವರ ಮನೆಯ ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಆ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ನಾವು ಅದೇ ಗಾಳಿಯಲ್ಲಿ ಕಡಲೆಕಾಯಿ ತಿನ್ನುತ್ತಿದ್ದೆವು. ಇನ್ನೊಬ್ಬ ಮುನಿರಾಜು. ಕಳವಾರದಿಂದ ರಜಕ್ಕೆಂದು ಅತ್ತೆಯ ಮನೆಗೆ ಬಂದಿದ್ದ ನಮ್ಮದೇ ವಯಸ್ಸಿನ ಹುಡುಗ.

ಅಜ್ಜಿ ಕಲಿಸಿದ್ದು ಇಪ್ಪತ್ತೆಂಟು ಎಂಬ ಆಟ. ಎದುರುಬದುರು ಕೂತವರು ಜೊತೆಗಾರರು. ಮೂವತ್ತೆರಡು ಎಲೆ, ಒಬ್ಬೊಬ್ಬರಿಗೆ ಎಂಟು. ಈ ಆಟದಲ್ಲಿ ರಾಜನಿಗೂ ರಾಣಿಗೂ ಬೆಲೆಯಿಲ್ಲ. ಎಲ್ಲರಿಗಿಂತ ದೊಡ್ಡವನು ಗುಲಾಮ, ಅವನಿಗೆ ಮೂರು ಅಂಕ. ಅವನ ಹಿಂದೆ ಒಂಬತ್ತು, ಅದಕ್ಕೆ ಎರಡು. ಎಕ್ಕ, ಹತ್ತು ಒಂದೊಂದು. ಎಲ್ಲ ಸೇರಿ ಇಪ್ಪತ್ತೆಂಟು. ಇಷ್ಟು ಅಂಕ ಗೆಲ್ಲುತ್ತೇನೆಂದು ಎಲ್ಲರಿಗಿಂತ ಹೆಚ್ಚು ಕೂಗಿದವರು ಒಂದು ಎಲೆಯನ್ನು ಗುಟ್ಟಾಗಿ ಮುಚ್ಚಿಡಬೇಕು. ಅದು ಇಸ್ಪೀಟೋ ಆಟೀನೋ ಡೈಮಂಡೋ, ಯಾವ ಬಣ್ಣವೋ ಅದೇ ತುರುಪು, ಆ ಬಣ್ಣದ ಚಿಳ್ಳೆ ಎಲೆಯೂ ಬೇರೆ ಬಣ್ಣದ ಗುಲಾಮನನ್ನು ಹೊಡೆದುಹಾಕುತ್ತದೆ.

ಮುನಿರಾಜುವಿನ ಗುಟ್ಟು ಮಾತ್ರ ಗುಟ್ಟಾಗಿ ಉಳಿಯುತ್ತಲೇ ಇರಲಿಲ್ಲ. ಒಂದು ಬಣ್ಣದ ಹೆಸರು ಕಳಾವರ್ ಎಂದು ಅಜ್ಜಿ ಹೇಳಿದ ಕೂಡಲೇ ಅವನು, "ನಮ್ಮೂರಾ?" ಎಂದು ಕಣ್ಣರಳಿಸಿದ್ದ. ಅವತ್ತಿನಿಂದ ಕೈಯಲ್ಲಿ ಏನೇ ಇರಲಿ, ಕಳಾವರನ್ನೇ ಮುಚ್ಚಿಡುತ್ತಿದ್ದ. ಅವನ ಜೊತೆಗಾರಳು ಶಬಾನ.

"ಲೋ, ಆಟೀನಲ್ಲಿ ಗುಲಾಮ, ಒಂಬತ್ತು ಎರಡೂ ಇಟ್ಕೊಂಡು ಕಳಾವರ್ ಯಾಕೋ ಇಟ್ಟೆ?"

"ಊರು ಬಿಟ್ಕೊಡಕ್ಕಾಗುತ್ತೇನೇ?"

ಅಜ್ಜಿಯ ಜೊತೆಗಾರಳು ನಾನು. ಅಜ್ಜಿಗೆ ಕೋಪ ಬಂದರೆ ತೆಲುಗು ಬರುತ್ತಿತ್ತು. ಮೊದಲ ದಿನವೇ ನಾನು ಅವರು ಗೆಲ್ಲುತ್ತಿದ್ದ ಎಕ್ಕದ ಮೇಲೆ ಠೀವಿಯಿಂದ ತುರುಪು ಹೊಡೆದೆ. ಅಜ್ಜಿ ಹಣೆ ಚಚ್ಚಿಕೊಂಡು, "ಓಸಿ ನಾ ತಲ್ಲೀ! ಸೊಂತ ಮನೇಗೇ ಕನ್ನ ಹಾಕ್ತೀಯೇನೇ?" ಎಂದು ಎರಡು ಭಾಷೆಯಲ್ಲೂ ಕೂಗಿದ್ದಕ್ಕೆ ಒಳಗಿನಿಂದ ಅಮ್ಮ ಸೌಟು ಹಿಡಿದೇ ಓಡಿಬಂದಳು.

ಇದರ ಮೇಲೆ ಅಜ್ಜಿಯ ಸ್ವಂತ ಕಾನೂನುಗಳು. ಅವು ಬೇರೆಲ್ಲೂ ಇಲ್ಲವೆಂದು ನನಗೆ ತಿಳಿದದ್ದು ಕಾಲೇಜಿನ ಹಾಸ್ಟೆಲಿನಲ್ಲಿ, ಎಲ್ಲರೂ ಬಿದ್ದುಬಿದ್ದು ನಕ್ಕ ಮೇಲೆ. ಅವರ ಕಟ್ಟಿನಲ್ಲಿ ಕಳಾವರ್ ಏಳು ಕಳೆದುಹೋಗಿತ್ತು. ಅದರ ಬದಲು ಒಂದು ಮದುವೆ ಕರೆಯೋಲೆಯನ್ನು ಕತ್ತರಿಸಿ ಸೇರಿಸಿದ್ದರು. ಅದರ ಬೆನ್ನಿಗೆ ಗಣಪತಿಯ ಚಿತ್ರ. ಯಾರ ಕೈಯಲ್ಲಿದೆಯೆಂದು ಬೀದಿಗೆಲ್ಲ ಕಾಣುತ್ತಿತ್ತು. "ಗಣಪತಿ ಮೇಲೆ ತುರುಪು ಹೊಡೀಬಾರ್ದು, ಅಪಚಾರ" ಎನ್ನುವುದು ಒಂದು ಕಾನೂನು. ಆಟದ ನಡುವೆ ಮನೆಮುಂದೆ ಯಾರಾದರೂ ಮಾರಲು ಬಂದರೆ ಆಟ ರದ್ದು ಎನ್ನುವುದು ಇನ್ನೊಂದು. ಸೋಲುತ್ತಿದ್ದರೆ ಅಜ್ಜಿಯ ಕಿವಿಗೆ ಮೂರು ಬೀದಿ ಆಚೆಯ ಸೊಪ್ಪಿನವಳ ಕೂಗೂ ಕೇಳಿಸುತ್ತಿತ್ತು. ಮೂರನೆಯದು, ಹಿರಿಯರು ಇಟ್ಟ ಎಲೆಯನ್ನು ವಾಪಸ್ಸು ತೆಗೆದುಕೊಳ್ಳಬಹುದು.

ಸೋತವರಿಗೆ ಶಿಕ್ಷೆ ಹುಡುಕಿದವಳು ಶಬಾನ. ಮನೆಯಿಂದ ನೂಲಿಗೆ ಬಾರದ ತೂತು ಗೂಡುಗಳನ್ನು ತಂದು ದಾರ ಕಟ್ಟಿದ್ದಳು. ಸೋತವರು ಅದನ್ನು ಓಲೆಯ ಹಾಗೆ ಕಿವಿಗೆ ನೇತುಹಾಕಿಕೊಳ್ಳಬೇಕು, ಮುಂದಿನ ಆಟ ಗೆಲ್ಲುವವರೆಗೂ ತೆಗೆಯುವ ಹಾಗಿಲ್ಲ. ನಾಲ್ಕು ವಾರ ಕಳೆದರೂ ಅಜ್ಜಿಯ ಕಿವಿಗೆ ಒಂದು ಗೂಡೂ ಏರಲಿಲ್ಲ.

ಒಂದು ಮಧ್ಯಾಹ್ನ ಶಬಾನಳಿಗೆ ಗೆಲ್ಲಲು ಒಂದೇ ಅಂಕ ಬೇಕಿತ್ತು. ಅಜ್ಜಿ ಮರೆತು ಇಸ್ಪೀಟು ಹತ್ತು ಇಟ್ಟರು. ಅವಳು ಅದರ ಮೇಲೆ ಎಕ್ಕ ಬಡಿದಳು. ಅಜ್ಜಿ ನಿಧಾನವಾಗಿ ಕೈ ಚಾಚಿದರು.

"ತಡಿಯಮ್ಮ, ನಂದು ವಾಪಸ್ಸು. ನಿಂದೂ ತಗೋ."

ಶಬಾನ ಎದ್ದು ನಿಂತಳು. ಕಣ್ಣಲ್ಲಿ ನೀರು. "ಇವತ್ತಿಗೆ ಇದು ನಾಕ್ನೇ ಸಲ. ನೀವು ಮೋಸ ಮಾಡ್ತೀರ ಅಜ್ಜಿ. ನಾನಿನ್ನು ಬರಲ್ಲ." ಎಲೆಗಳನ್ನು ಮಂಚದ ಮೇಲೆ ಚೆಲ್ಲಿ ಹೊರಟೇಹೋದಳು.

ಅಜ್ಜಿ ನಕ್ಕರು. "ಬರ್ತಾಳೆ ಬಿಡು, ಎಲ್ಲೋಗ್ತಾಳೆ."

ಅವಳು ಬರಲಿಲ್ಲ. ನಾನು ಕರೆಯಲು ಹೋದರೆ ಬಾಗಿಲ ಹಿಂದಿನಿಂದ, "ನಿಮ್ಮಜ್ಜಿ ಪಾರ್ಟಿ ನೀನು, ಹೋಗೇ" ಎಂದಳು. ಇದ್ದ ಒಬ್ಬಳೇ ಗೆಳತಿ ಹೋದಳೆಂದು ನಾನು ಹಿತ್ತಲಲ್ಲಿ ಕೂತು ಅತ್ತೆ. ಮೂರು ದಿನ ಎಲೆ ಡಬ್ಬಿಯಿಂದ ಹೊರಬರಲಿಲ್ಲ. ಆ ಹೊತ್ತಿಗೆ ಅಜ್ಜಿಯ ಪ್ಲಾಸ್ಟರ್ ಬಿಚ್ಚಿದ್ದರು. ದಿನಕ್ಕೆ ಹತ್ತು ಹೆಜ್ಜೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರೂ ನೋವೆಂದು ಹೇಳಿ ಮಂಚ ಬಿಟ್ಟು ಇಳಿಯುತ್ತಿರಲಿಲ್ಲ. ಬೇಯಿಸಿದ ಕಡಲೆಕಾಯಿಯನ್ನೂ ಮುಟ್ಟಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ನೋಡಿದರೆ ಮಂಚ ಖಾಲಿ! ಅಮ್ಮನೂ ನಾನೂ ಬೀದಿಗೆ ಓಡಿದೆವು. ಅಜ್ಜಿ ಉರಿಬಿಸಿಲಿನಲ್ಲಿ ಕೋಲೂರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ರಸ್ತೆ ದಾಟುತ್ತಿದ್ದರು. ಶಬಾನಳ ಮನೆಯ ಮೆಟ್ಟಿಲ ಮೇಲೆ ಉಸ್ಸೆಂದು ಕೂತು ಕೂಗಿದರು.

"ಶಬಾನಮ್ಮ, ಬಾ ತಾಯಿ. ಇನ್ಮೇಲೆ ಇಟ್ಟ ಎಲೆ ಇಟ್ಟಂಗೇ. ಸೊಪ್ಪಿನೋಳು ಬಂದ್ರೂ ಸರಿ, ಡಿ.ಸಿ. ಬಂದ್ರೂ ಸರಿ, ಆಟ ನಿಲ್ಲಲ್ಲ."

ಬಾಗಿಲು ಒಂದು ಗೇಣು ತೆರೆಯಿತು. "ಗಣಪತಿ?"

ಅಜ್ಜಿ ಆಕಾಶದ ಕಡೆ ಒಮ್ಮೆ ಕೈ ಮುಗಿದರು. "ಹೊಡಿ. ಅವನಿಗೆ ನಾನು ಹೇಳ್ಕೋತೀನಿ."

ಅವತ್ತು ನಮ್ಮ ಮಂಚಕ್ಕೆ ಮರಳಿದ ಅಜ್ಜಿ ಜೀವನದಲ್ಲಿ ಮೊದಲ ಸಲ ಕಾನೂನು ಪ್ರಕಾರ ಆಡಿದರು. ಸೋತರು. ಮತ್ತೆ ಸೋತರು. ಎರಡು ಕಿವಿಗೂ ಗೂಡು ಏರಿಸಿಕೊಂಡು, ಹಠದಿಂದ ಎಲೆ ಕಲೆಸುತ್ತಿದ್ದಾಗ ಬಾಗಿಲಲ್ಲಿ ನೆರಳಾಯಿತು. ಪೇಪರ್ ತಿದ್ದುವ ಕೆಲಸ ಮುಗಿದು ಅಪ್ಪ ನಾಲ್ಕು ಗಂಟೆಗೇ ಬಂದುಬಿಟ್ಟಿದ್ದರು. ಮುನಿರಾಜು ಮಂಚದ ಕೆಳಗೆ ನುಗ್ಗಿದ. ನಾನು ಎಲೆಗಳ ಮೇಲೆ ಕೂತೆ.

"ಅಮ್ಮ!"

ಅಜ್ಜಿ ತಲೆ ಎತ್ತಿದರು. ಎರಡು ಗೂಡೂ ತೂಗಾಡಿದವು.

"ನನ್ನ ಕೈಲಿ ಆಣೆ ಹಾಕಿಸ್ದೋಳು ನೀನೇ ಅಲ್ವೇನಮ್ಮ? ಇಪ್ಪತ್ತು ವರ್ಷದಿಂದ ಒಂದು ಎಲೆ ಮುಟ್ಟಿಲ್ಲ ನಾನು. ಕೆಟ್ಟ ಆಟ ಅಂತ ತಾನೇ ಬಿಡಿಸಿದ್ದು?"

"ಆಟ ಕೆಟ್ಟದ್ದು ಅಂತ ಯಾರಪ್ಪ ಅಂದ್ರು?" ಎಂದರು ಅಜ್ಜಿ. "ನೀನು ಕೆಟ್ಟದಾಗಿ ಆಡ್ತಿದ್ದೆ. ನಿನ್ನ ಜೊತೆಗೆ ಕೂತು ಎಷ್ಟು ವರ್ಷ ಅಂತ ಸೋಲಲಿ?"

ಮಂಚದ ಕೆಳಗಿನಿಂದ ಕಿಸಕ್ಕೆಂದು ನಗು ಕೇಳಿತು. ಅಪ್ಪ ಒಳಗೆ ಹೋದರು. ನಾವು ಏಟಿಗಾಗಿ ಕಾದೆವು. ಬಂದದ್ದು ಕಾಫಿ ಲೋಟ ಹಿಡಿದ ಅಪ್ಪ. ಅಜ್ಜಿ ನನ್ನನ್ನು ಎಬ್ಬಿಸಿ, ಮುನಿರಾಜುವನ್ನು ಹೊರಗೆ ಕರೆದು ಎಲೆ ಹಂಚಿದರು. ಅಪ್ಪ ನನ್ನ ಬೆನ್ನ ಹಿಂದೆ ನಿಂತು ಎಲೆಗಳನ್ನು ನೋಡಿದರು. ಎರಡು ಸುತ್ತು ಕಾಫಿ ಹೀರಿದರು. ಮೂರನೆಯದಕ್ಕೆ ತಡೆಯಲಾಗದೆ ಪಿಸುಗುಟ್ಟಿದರು: "ಡೈಮಂಡ್ ಗುಲಾಮ ಬಿಡು, ಯಾರೂ ಹೊಡಿಯಲ್ಲ."

ಬಿಟ್ಟೆ. ಮುನಿರಾಜು ಕಳಾವರ್ ಎಂಟರಿಂದ ಅದನ್ನು ಹೊಡೆದ.

ಅಜ್ಜಿ ಅಪ್ಪನನ್ನು ನೋಡಿದರು ಅಷ್ಟೆ. ಅಪ್ಪ ಲೋಟ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದರು. ಆಮೇಲೆ ನಮ್ಮ ಮನೆಯಲ್ಲಿ ಆ ಕಟ್ಟಪ್ಪಣೆಯ ಮಾತು ಯಾರೂ ಎತ್ತಲಿಲ್ಲ.

ಸ್ಕೂಲು ಶುರುವಾಗುವ ಹೊತ್ತಿಗೆ ಅಜ್ಜಿ ಬಸ್‌ಸ್ಟ್ಯಾಂಡಿಗೆ ನಡೆದುಕೊಂಡೇ ಹೋಗಿ ತಮ್ಮ ಊರಿನ ಬಸ್ಸು ಹತ್ತಿದರು. ಮೂರು ವರ್ಷದ ನಂತರ ತೀರಿಕೊಂಡರು. ಶಬಾನ ಈಗ ಹಿಂದೂಪುರದ ಸೊಸೆ. ಮುನಿರಾಜು ಕಳವಾರದಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಹೋದ ವರ್ಷ ಶಬಾನಳ ತಮ್ಮನ ಮದುವೆಯಲ್ಲಿ ಮೂವರೂ ಸೇರಿದ್ದೆವು. ಊಟವಾದ ಮೇಲೆ ಯಾರೋ ಹೊಸ ಕಟ್ಟು ತಂದರು, ಮುನಿರಾಜುವಿನ ಹೆಂಡತಿ ನಾಲ್ಕನೆಯವಳಾಗಿ ಕೂತಳು. ತಪ್ಪು ಎಲೆ ಬಿದ್ದಾಗಲೆಲ್ಲ "ಪರವಾಗಿಲ್ಲ ಬಿಡಿ" ಎಂದೆವು. ಒಬ್ಬರಿಗೊಬ್ಬರು ನೀರು ಕೊಟ್ಟೆವು. ಯಾರೂ ಎದ್ದು ಹೋಗಲಿಲ್ಲ, ಯಾರೂ ಯಾರನ್ನೂ ಕರೆಯಲು ಹೋಗಬೇಕಾಗಲಿಲ್ಲ. ಅರ್ಧ ಗಂಟೆ ಬಹಳ ಮರ್ಯಾದೆಯಿಂದ ಆಡಿ, ಎಲೆಗಳನ್ನು ಜೋಡಿಸಿಟ್ಟು ಎದ್ದೆವು. ಗೆದ್ದವರು ಯಾರೆಂದು ನನಗೆ ನೆನಪಿಲ್ಲ.