ಹಿಸ್ಸೆಯಾದ ಎರಡು ಪಾನ

ಚಿಕ್ಕಪ್ಪ ಹೊಟ್ಟೆಕಿಚ್ಚಿಗೆ ಅಬ್ಬಿ ನೀರಿನ ಪೈಪು ಮುರಿದರು ಎಂದು ಕೆರೆಕಟ್ಟೆಯ ಕಡೆ ಇಂದಿಗೂ ಹೇಳುತ್ತಾರೆ. ಹೇಳುವವರಿಗೆ ನನ್ನದೊಂದೇ ಪ್ರಶ್ನೆ: ಮುರಿಯಬೇಕೆಂದಿದ್ದವರು ಮೊದಲು ಅದಕ್ಕೆ ಎಣ್ಣೆ ಹಾಕಿ ಕಾಯುತ್ತಾರೆಯೇ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ವಾದ ತಂದವರನ್ನು ನಾವು ನಿಲ್ಲಲು ಬಿಡುತ್ತಿರಲಿಲ್ಲ. ಊರಿನಲ್ಲಿ ಅದು ವರ್ಷಗಟ್ಟಲೆ ನಿಂತಿದೆ.

ಗುಡ್ಡದಲ್ಲಿ ಧುಮುಕುವ ಅಬ್ಬಿಯಿಂದ ಒಂದು ಕಬ್ಬಿಣದ ಪೈಪು ಇಳಿದು, ಕವಲೊಡೆದು, ನಮ್ಮ ಮನೆಗೂ ಚಿಕ್ಕಪ್ಪನ ಮನೆಗೂ ನೀರು ತರುತ್ತಿತ್ತು. ಹಿಸ್ಸೆಯಾದಾಗ ಅಪ್ಪಯ್ಯನೂ ಚಿಕ್ಕಪ್ಪನೂ ಹಂಡೆ, ಏಣಿ, ಹಾರೆ ಎಲ್ಲವನ್ನೂ ಪಾಲು ಮಾಡಿಕೊಂಡರು. ಪೈಪು ತಿರುಗಿಸುವ ಪಾನ, ಅಂದರೆ ರೆಂಚು, ಎರಡಿದ್ದವು. ದೊಡ್ಡದು ಅಣ್ಣನಿಗೆ, ಸಣ್ಣದು ತಮ್ಮನಿಗೆ. ಪಂಚಾಯ್ತಿಗೆ ಕೂತ ಹಿರಿಯರು ನ್ಯಾಯವಾಗಿದೆ ಎಂದರು. ಪೈಪು ಬಿಚ್ಚಲು ಒಂದು ಪಾನ ಬಿಗಿಹಿಡಿದಿರಬೇಕು, ಇನ್ನೊಂದು ತಿರುಗಿಸಬೇಕು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ. ಆಮೇಲೆ ಅಣ್ಣ ತಮ್ಮ ಮಾತು ಬಿಟ್ಟರು.

ಮೊಬೈಲ್ ಟವರ್ ಬಂದ ವರ್ಷದ ಬೇಸಿಗೆಯಲ್ಲಿ ಚಿಕ್ಕಪ್ಪನ ಕವಲಿನೊಳಗೆ ಬೇರು ಹೊಕ್ಕು ನೀರು ಕಟ್ಟಿತು. ಚಿಕ್ಕಮ್ಮ ಕೊಡ ಹೊತ್ತು ಹಳ್ಳಕ್ಕೆ ಇಳಿಯತೊಡಗಿದರು. ಕವಲಿನ ಹತ್ತಿರ ಪೈಪು ಜೋಡಿಸಿದ್ದ ಕಪ್ಲಿಂಗ್ ಬಿಚ್ಚದೆ ದಾರಿಯಿರಲಿಲ್ಲ; ಅದು ತುಕ್ಕು ಹಿಡಿದು ಪೈಪಿಗೇ ಕಚ್ಚಿಕೊಂಡಿತ್ತು. ಚಿಕ್ಕಪ್ಪ ಕೊಬ್ಬರಿ ಎಣ್ಣೆ ಸುರಿದರು, ಮೇಲೆಯೇ ಜಿಡ್ಡಾಗಿ ಕೂತಿತು. ಸೀಮೆಎಣ್ಣೆ ಹಾಕಿದರು, ಆರಿಹೋಯಿತು. ಕೊನೆಗೆ ನನ್ನನ್ನು ಕರೆದುಕೊಂಡು ಶೃಂಗೇರಿಯ ಹಾರ್ಡ್‌ವೇರ್ ಅಂಗಡಿಗೆ ಹೋದರು.

ಅಂಗಡಿಯವರು ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿ ಕೊಟ್ಟರು. "ಸಂಜೆ ಹೊಡೆದು ಬಿಡಿ, ಬೆಳಗಿನವರೆಗೆ ನೆನೀಲಿ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದ್ರೆ ಒಳಗೆ ಇಳೀತದೆ. ಪಾನ ಎರಡು ಉಂಟಲ್ಲ?"

"ಒಂದು ನನ್ನತ್ರ, ಒಂದು ಅಣ್ಣಯ್ಯನತ್ರ," ಎಂದರು ಚಿಕ್ಕಪ್ಪ.

"ಹಾಗಾರೆ ಈ ಎಣ್ಣೆ ಪೈಪಿಗಲ್ಲ ಮಾರಾಯ್ರೆ, ನಿಮ್ಮಿಬ್ರಿಗೇ ಹೊಡೀಬೇಕು. ಇನ್ನೊಂದು ಪಾನ ತಗೊಂಡೇ ಹೋಗಿ."

"ಬ್ಯಾಡ. ಮನೇಲಿರೋದನ್ನ ಕೊಳ್ಳೋದೆಂತಕ್ಕೆ? ಕೇಳ್ತೀನಿ."

ಬಸ್ಸಿನಲ್ಲಿ ಅವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಖುಷಿಯಲ್ಲಿದ್ದರು. ಅಣ್ಣನ ಜೊತೆ ಮಾತಾಡಲು ಅದಕ್ಕಿಂತ ಮರ್ಯಾದೆಯ ನೆಪ ಅವರಿಗೆ ಸಿಗುವಂತಿರಲಿಲ್ಲ.

ಸಂಜೆ ಎಣ್ಣೆ ಹೊಡೆದರು. ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದು ನಿಂತರು.

"ಅಣ್ಣಯ್ಯ, ದೊಡ್ಡ ಪಾನ ಒಂದು ಗಳಿಗೆ ಬೇಕಿತ್ತು. ನೀನೂ ಬಂದು ಹಿಡ್ಕಂಡ್ರೆ ಆಗಿಹೋಗ್ತದೆ."

ಅಪ್ಪಯ್ಯ ಜಗುಲಿಯಿಂದ ಏಳಲಿಲ್ಲ. "ನಿನ್ನ ಪಾಲಿಗೆ ಬಂದದ್ದು ನಿನ್ನತ್ರ ಇದೆಯಲ್ಲ."

"ಇದೆ."

"ಮತ್ತೆಂತ?"

ಚಿಕ್ಕಪ್ಪ ನೇರ ಗುಡ್ಡ ಹತ್ತಿದರು. ಸಣ್ಣ ಪಾನದ ಹಿಡಿಗೆ ಪೈಪಿನ ತುಂಡು ತೂರಿಸಿ ಉದ್ದ ಮಾಡಿಕೊಂಡು ಮೈಭಾರವನ್ನೆಲ್ಲ ಹಾಕಿದರು. ಕಪ್ಲಿಂಗ್ ಅಲುಗಲಿಲ್ಲ. ಆಚೆ ಬದಿ ಬಿಗಿಹಿಡಿಯುವವರಿಲ್ಲದೆ ಪೈಪೇ ತಿರುಚಿಕೊಂಡು ಕವಲು ಬುಡದಲ್ಲಿ ಮುರಿಯಿತು. ಎರಡೂ ಮನೆಗೆ ನೀರು ನಿಂತಿತು.

ನಾವು ಕಪ್ಪು ಪ್ಲಾಸ್ಟಿಕ್ ಪೈಪು ಎಳೆದೆವು, ನಮ್ಮ ಮನೆಗೆ ಮಾತ್ರ. ಮಳೆ ಹಿಡಿಯುವ ಮುಂಚೆ ಚಿಕ್ಕಪ್ಪ ಸಂಸಾರ ಸಮೇತ ಚಿಕ್ಕಮ್ಮನ ತವರು ಅಡ್ಡಗದ್ದೆಗೆ ಹೋದರು. ತಿರುಗಿ ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಹೊಟ್ಟೆಕಿಚ್ಚಿನ ಕತೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುವವರು ಅಪ್ಪಯ್ಯನೇ. ಮೊನ್ನೆಯೂ ನೆಂಟರ ಮುಂದೆ ಹೇಳಿದರು. ನೆಂಟರನ್ನು ಕಳಿಸಿ ಬಂದೆ. ವಾದದಲ್ಲಿ ಗೆದ್ದು ಮಾಡುವುದೇನೂ ಉಳಿದಿರಲಿಲ್ಲ, ಆದರೂ ಕೇಳಿದೆ.

"ಅಪ್ಪಯ್ಯ, ಅವತ್ತು ನೀವು ಎದ್ದು ಹೋಗಿದ್ದರೆ ನಿಮಗೆ ಎಂತ ಹೋಗ್ತಿತ್ತು?"