ಬಚ್ಚಲ ಒಲೆಯ ಮೇಲಿನ ರಿವಾಲ್ವರ್

ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಕಲೀಮುಲ್ಲಾ ಹಳದಿ ಬಟ್ಟೆಯಲ್ಲಿ ಸುತ್ತಿದ ರಿವಾಲ್ವರನ್ನು ಕಂಕುಳಲ್ಲಿ ಇರುಕಿಕೊಂಡು, ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು, ವಠಾರದ ಅಂಗಳ ದಾಟಿ ಬಚ್ಚಲುಮನೆಗೆ ಹೋದ. ಹಂಡೆಯ ಒಲೆ ಆಗಲೇ ಉರಿಯುತ್ತಿತ್ತು. ಒಲೆಯ ಮೇಲೆ ಗೋಡೆಗೆ ಹೊಡೆದ ಉದ್ದದ ಹಲಗೆಯ ಮೇಲೆ ಕಲ್ಯಾಣಮ್ಮನವರ ಉಪ್ಪಿನ ಭರಣಿ, ಯಾರದೋ ಬೆಂಕಿಪೊಟ್ಟಣಗಳು, ಸೀಗೆಪುಡಿಯ ಡಬ್ಬಿ, ಬಟ್ಟೆಯಲ್ಲಿ ಕಟ್ಟಿದ ಹಪ್ಪಳ ಬೆಚ್ಚಗೆ ಕೂತಿದ್ದವು. ಡಬ್ಬಿಯನ್ನು ಸ್ವಲ್ಪ ಆಚೆ ಸರಿಸಿ, ಬಟ್ಟೆ ಬಿಚ್ಚಿ ಅವನು ರಿವಾಲ್ವರನ್ನು ಅಲ್ಲಿಟ್ಟ. ಗುಂಡುಗಳು ಮನೆಯಲ್ಲಿ, ಟ್ರಂಕಿನಲ್ಲಿದ್ದವು.

ಸಕಲೇಶಪುರದಲ್ಲಿ ಮಳೆ ಹಿಡಿದರೆ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಕಬ್ಬಿಣ ವಾರದೊಳಗೆ ಕೆಂಪಾಗುತ್ತದೆ. ಹೆತ್ತೂರು ಕಡೆ ಕೋವಿ ಇರುವ ಮನೆಯವರು ಅದನ್ನು ಅಡುಗೆ ಒಲೆಯ ಮೇಲೆ, ಹೊಗೆ ತಾಗುವಲ್ಲಿ ತೂಗುಹಾಕುತ್ತಾರೆ. ಅದು ಅಜ್ಜಂದಿರ ಕಾಲದ ರೂಢಿ. ಕಲೀಮುಲ್ಲಾನ ಎರಡು ಅಂಕಣದ ಬಾಡಿಗೆ ಮನೆಯಲ್ಲಿ ಅಡುಗೆ ಇದ್ದಿಲ ಒಲೆಯ ಮೇಲೆ ನಡೆಯುತ್ತಿತ್ತು. ಅದರಲ್ಲಿ ಹೊಗೆಯೂ ಇಲ್ಲ, ಹೆಚ್ಚು ಶಾಖವೂ ಇಲ್ಲ. ಹಾಗಾಗಿ ವಠಾರದ ಏಳೂ ಮನೆಯವರು ಒಣಗಬೇಕಾದ್ದನ್ನೆಲ್ಲ ತಂದಿಡುವ ಹಲಗೆಗೆ ಅವನೂ ತನ್ನದನ್ನು ತಂದಿಡುತ್ತಿದ್ದ. ಬಂದ ಹೊಸದರಲ್ಲಿ ಕಲ್ಯಾಣಮ್ಮನವರು, ಆ ವಠಾರದ ಒಡತಿ, "ಅದೇನ್ರಿ ಸಾಬ್ರೆ, ನನ್ನ ಉಪ್ಪಿನ ಪಕ್ಕ?" ಎಂದು ಒಮ್ಮೆ ಕೇಳಿದ್ದರು. "ಖಾಲಿ ಐತೆ ಅಮ್ಮಾವ್ರೆ" ಎಂದಿದ್ದ. ಆಮೇಲೆ ಯಾರೂ ಕೇಳಿರಲಿಲ್ಲ. ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದ. ರಿವಾಲ್ವರ್ ಬೆಚ್ಚಗಾದ ಮೇಲೆ ಎಣ್ಣೆ ಒರೆಸಿ ಎತ್ತಿಕೊಂಡು ಹೋಗುತ್ತಿದ್ದ. ಬಿಟ್ಟು ಎದ್ದದ್ದೇ ಇಲ್ಲ.

ರಿವಾಲ್ವರ್ ಅವನದಲ್ಲ, ಧಣಿಯದು. ಹೊಂಗಡಹಳ್ಳದ ಹತ್ತಿರ ಧಣಿಯ ಕಾಫಿ ಎಸ್ಟೇಟ್ ಇತ್ತು. ಶನಿವಾರ ಬಟವಾಡೆಯ ದಿನ. ಕೂಲಿಯ ದುಡ್ಡನ್ನು ಸಕಲೇಶಪುರದ ಬ್ಯಾಂಕಿನಿಂದ ಜೀಪಿನಲ್ಲಿ ಮೇಲಕ್ಕೆ ಒಯ್ಯಬೇಕು. ಒಂದು ವರ್ಷ ಬೇರೊಂದು ಎಸ್ಟೇಟಿನ ಜೀಪನ್ನು ದಾರಿಯ ತಿರುವಿನಲ್ಲಿ ಅಡ್ಡಗಟ್ಟಿದ ಮೇಲೆ ಧಣಿ ತಮ್ಮ ಲೈಸೆನ್ಸಿನಲ್ಲಿ ಕಲೀಮುಲ್ಲಾನ ಹೆಸರನ್ನೂ ಸೇರಿಸಿ, ರಿವಾಲ್ವರನ್ನು ಅವನ ಕೈಗೆ ಕೊಟ್ಟಿದ್ದರು. ಉಳಿದ ದಿನಗಳಲ್ಲಿ ಅವನು ಪೇಟೆಯ ಡಿಪೋದಲ್ಲಿ ಕಾಫಿ ಮೂಟೆ ತೂಗಿಸುವ ಮನುಷ್ಯ. ಶನಿವಾರ ಮಾತ್ರ ಸೊಂಟಕ್ಕೆ ಚರ್ಮದ ಚೀಲ ಸಿಗಿಸಿಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಹಮಾಲಿಗಳು ಜೀಪಿಗೆ ದಾರಿ ಬಿಡುತ್ತಿದ್ದರು. ಅದು ಅವನಿಗೆ ಇಷ್ಟವಾಗುತ್ತಿರಲಿಲ್ಲ ಎಂದರೆ ಸುಳ್ಳಾದೀತು.

ಆ ಮಂಗಳವಾರ ಅವನು ಎಣ್ಣೆಯ ಬಟ್ಟೆ ಹಿಂಡುತ್ತಿದ್ದಾಗ ತನ್ನ ಮನೆಯ ಕಡೆಯಿಂದ ಕೊಡ ಉರುಳಿದ ಸದ್ದು ಕೇಳಿತು. ಹಿಂದೆಯೇ ಹೆಂಡತಿ ಜೈನಾಬಿಯ "ಯಾ ಅಲ್ಲಾ" ಎಂಬ ಕೂಗು. ಅವನು ಬಟ್ಟೆ ಬಿಸಾಡಿ ಓಡಿದ.

ಜೈನಾಬಿಗೆ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಬಲಿತ ಮೇಲೆ ಕೊಯ್ಯೋಣ, ಈಗಲೇ ಬೇಡ ಎಂದು ಹಾಸನದ ಡಾಕ್ಟರು ಹೇಳಿದ್ದರು. ಹಗಲು ಹೊತ್ತು ಮನುಷ್ಯರು ನೆರಳಿನಂತೆ ಕಾಣುತ್ತಿದ್ದರು, ದೀಪ ಹಚ್ಚುವ ಹೊತ್ತಿಗೆ ಅದೂ ಇಲ್ಲ. ಹೊಸಿಲ ಮೇಲೆ ಕಾಲು ಜಾರಿ ಅವಳು ನೆಲದ ಮೇಲೆ ಕೂತಿದ್ದಳು. ಮೊಣಕಾಲು ತರಚಿತ್ತು. ಅವನು ಅರಿಸಿನ ಮೆತ್ತಿ ಬಟ್ಟೆ ಕಟ್ಟುತ್ತಾ ಇರುವಾಗ ಅಂಗಳದಲ್ಲಿ ಯಾರೋ ಕಿರುಚಿದರು.

ಕಿರುಚಿದ್ದು ಬಸವರಾಜು. ಆಲೂರಿನ ಪಾಳ್ಯದ ಕಡೆಯವನು, ಮರದ ಡಿಪೋದಲ್ಲಿ ಗುಮಾಸ್ತ, ಹೊಸದಾಗಿ ಮದುವೆಯಾಗಿ ಯುಗಾದಿಯ ಮೇಲೆ ಆ ವಠಾರಕ್ಕೆ ಬಂದಿದ್ದ. ಸ್ನಾನಕ್ಕೆ ಕೂತು, ತಲೆಗೆ ನೀರು ಹುಯ್ದುಕೊಂಡು, ಕಣ್ಣು ಮುಚ್ಚಿಕೊಂಡೇ ಸೀಗೆಪುಡಿಗೆ ಕೈ ಚಾಚಿದ್ದ. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು, ಸೊಂಟದ ಟವಲಿನಲ್ಲೇ ಅಂಗಳಕ್ಕೆ ಓಡಿ ಬಂದಿದ್ದ.

"ಯಾರ್ದಿದು? ಯಾರ್ದ್ರೀ ಇದು?" ಎಂದು ರಿವಾಲ್ವರನ್ನು ಒಂದೊಂದು ಬಾಗಿಲಿನ ಕಡೆಗೂ ತಿರುಗಿಸುತ್ತಿದ್ದ. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಜಗುಲಿಯಿಂದ ಕಲ್ಯಾಣಮ್ಮನವರು ಮಾತ್ರ ಅಲ್ಲಾಡಲಿಲ್ಲ. "ಮೊದ್ಲು ಅದನ್ನ ಕೆಳಗಿಡಪ್ಪ. ಆಮೇಲೆ ಟವಲ್ ಸರಿ ಮಾಡ್ಕೊ. ಎರಡೂ ನೋಡಕ್ಕಾಗ್ತಿಲ್ಲ" ಎಂದರು.

ಕಲೀಮುಲ್ಲಾ ಬಂದು ರಿವಾಲ್ವರನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ತಪ್ಪಾಯ್ತು ಎಂದ. ಬಸವರಾಜು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬಟ್ಟೆ ಹಾಕಿಕೊಂಡವನೇ, ತಲೆಯನ್ನೂ ಒರೆಸಿಕೊಳ್ಳದೆ, ಪೊಲೀಸ್ ಠಾಣೆಗೆ ಹೋದ.

ಮಧ್ಯಾಹ್ನ ಮಳೆ ಬಿಟ್ಟಾಗ ದಫೇದಾರ್ ಜವರಪ್ಪ ಸೈಕಲ್ ತಳ್ಳಿಕೊಂಡು ಬಂದ. ಕಲ್ಯಾಣಮ್ಮನವರ ಜಗುಲಿಯ ಮೇಲೆ ಕೂತು, ಕಾಫಿ ಕುಡಿದು, ಹಲಗೆ ಎಲ್ಲಿದೆ ಎಂದು ಹೋಗಿ ನೋಡಿ ಬಂದ. ವಠಾರದವರೆಲ್ಲ ಅವರವರ ಬಾಗಿಲಲ್ಲಿ ನಿಂತಿದ್ದರು.

"ಸಾಬ್ರೆ, ಶನಿವಾರ ದುಡ್ಡಿನ ಜೊತೆ ಹೋಗ್ವಾಗ ಸೊಂಟಕ್ಕೆ ಸಿಗಿಸ್ಕೊಳ್ಳಿ, ನಾನೇ ಸಲಾಮ್ ಹೊಡಿತೀನಿ. ಮಂಗಳವಾರ ಬಚ್ಚಲಲ್ಲಿ ನಿಮ್ಮ ಧಣಿ ಕೆಲ್ಸ ಏನಿತ್ತು?"

"ಒಣಗಿಸ್ತಿದ್ದೆ ದಫೇದಾರ್ರೆ. ತುಕ್ಕು ಹಿಡಿದ್ರೆ ಧಣಿ ಸುಮ್ನಿರ್ತಾರಾ?"

"ಕೋವೀನ ಹಪ್ಪಳದ ಜೊತೆ ಒಣಗಿಸ್ಬಹುದು ಅಂತ ಯಾವ ಲೈಸೆನ್ಸಲ್ಲೂ ಬರ್ದಿಲ್ಲ ಕಣ್ರೀ. ಏಳು ಮನೆ ಸೇರಿರೋ ಅಂಗ್ಳ ನಿಮ್ಮ ಮನೆ ಅಲ್ಲ. ಅಲ್ಲಿ ಹಿಡ್ಕೊಂಡು ಓಡಾಡೋದೂ ಒಂದೇ, ಬೀದೀಲಿ ಓಡಾಡೋದೂ ಒಂದೇ."

"ನಾನೂ ಅದನ್ನೇ ಹೇಳಿದ್ದು" ಎಂದ ಬಸವರಾಜು.

ಜವರಪ್ಪ ಅವನ ಕಡೆ ತಿರುಗಿದ. "ನಿಮ್ಮದೂ ಬರ್ಕೋಬೇಕು ಗುಮಾಸ್ತ್ರೆ. ಲೈಸೆನ್ಸ್ ಇಲ್ದೆ, ಟವಲಲ್ಲಿ, ಏಳು ಬಾಗಿಲಿಗೂ ಗುರಿ ಇಟ್ರಂತೆ?"

ಯಾರೋ ಕಿಸಕ್ಕನೆ ನಕ್ಕರು. ಬಸವರಾಜುವಿನ ಹೆಂಡತಿ ಚೌಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಇನ್ಮೇಲೆ ಮನೆ ಬಿಟ್ಟು ಹೊರಗೆ ತೆಗೆಯಲ್ಲ. ಟ್ರಂಕಲ್ಲಿ ಬೀಗ ಹಾಕಿ ಇಟ್ಕೋತೀನಿ" ಎಂದ ಕಲೀಮುಲ್ಲಾ.

ಜವರಪ್ಪ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಮುಂದಿನ ಮಾತು ಅವನಿಗೂ ಕಷ್ಟವಿತ್ತು. "ಅದೂ ಆಗಲ್ಲ ಮಾರಾಯ. ಕೋವಿ ಧಣೀದು. ನಿಮ್ಮ ಹೆಸ್ರು ಇರೋದು ಅವ್ರ ಕೆಲ್ಸದ ಮೇಲೆ ಇರೋ ಹೊತ್ತಿಗೆ ಮಾತ್ರ. ಕೆಲ್ಸ ಮುಗೀತಾ, ಕೋವಿ ಅವ್ರ ಬಂಗ್ಲೆಗೆ ಹೋಗ್ಬೇಕು. ಹೋದ ವರ್ಷ ಹೊಸ ಕಾಯ್ದೆ ಬಂದ ಮೇಲೆ ನಮ್ಮ ಸಾಹೇಬ್ರು ಇದನ್ನ ಹೇಳಿ ಹೇಳಿ ಸಾಕು ಮಾಡವ್ರೆ. ಈಗ ನಾನು ಕೇಸ್ ಬರ್ದೆ ಅಂದ್ಕೊಳ್ಳಿ, ನಿಮ್ಮ ಹೆಸ್ರು ಹೊಡ್ದು ಹಾಕ್ತಾರೆ. ಬರೆಯಲ್ಲ. ಶನಿವಾರದ ತನಕ ಠಾಣೇಲಿ ಇರ್ಲಿ. ಶನಿವಾರ ಮೇಲಕ್ಕೆ ಒಯ್ದು ಬಂಗ್ಲೇಲೇ ಬಿಟ್ಟು ಬನ್ನಿ."

ಕಲೀಮುಲ್ಲಾ ಮನಸ್ಸಿನಲ್ಲೇ ದಾರಿ ಲೆಕ್ಕ ಹಾಕಿದ. ರಿವಾಲ್ವರ್ ಎಸ್ಟೇಟಿನಲ್ಲಿದ್ದರೆ ಶನಿವಾರ ಬೆಳಿಗ್ಗೆ ಅದನ್ನು ಕಟ್ಟಿಕೊಂಡು ಜೀಪಿನಲ್ಲಿ ಕೆಳಗಿಳಿಯಬೇಕು. ಅದಕ್ಕೆ ಶುಕ್ರವಾರ ರಾತ್ರಿ ಅಲ್ಲಿಯೇ ಸ್ಟೋರಿನಲ್ಲಿ ಮಲಗಬೇಕು. ಮಕ್ಕಳಿಲ್ಲದ ಮನೆ. ಕತ್ತಲಾದರೆ ಜೈನಾಬಿಗೆ ನೀರಿನ ಕೊಡ ಯಾವುದು, ಹೊಸಿಲು ಯಾವುದು ಎಂದು ಕೈಯಲ್ಲಿ ತಡವಬೇಕು. ಅವಳು ಬಿದ್ದು ಇನ್ನೂ ಅರ್ಧ ದಿನವಾಗಿರಲಿಲ್ಲ.

"ಆಗಲ್ಲ ದಫೇದಾರ್ರೆ. ಶುಕ್ರವಾರ ರಾತ್ರಿ ಜೈನಾಬೀನ ಒಬ್ಳನ್ನೇ ಬಿಟ್ಟು ಎಸ್ಟೇಟಲ್ಲಿ ಮಲಗಕ್ಕಾಗಲ್ಲ, ನಾನು ಈ ಕೆಲ್ಸಾನೇ ಬಿಡ್ತೀನಿ" ಎಂದ.

"ಬಿಡ್ಬೇಡಿ" ಎಂಬ ಮಾತು ಅವನ ಮನೆಯ ಬಾಗಿಲಿನಿಂದ ಬಂತು. ಜೈನಾಬಿ ಚೌಕಟ್ಟು ಹಿಡಿದು ನಿಂತಿದ್ದಳು. "ದಫೇದಾರ್ರೆ, ಅದನ್ನ ತಗೊಂಡ್ ಹೋಗಿ. ಈಗ್ಲೇ ತಗೊಂಡ್ ಹೋಗಿ."

ಕಲೀಮುಲ್ಲಾ ತಿರುಗಿ ನೋಡಿದ. ಗಂಡಸರ ಮಾತಿನ ನಡುವೆ ಅವಳು ಹಾಗೆ ಬಾಯಿ ಹಾಕಿದ್ದನ್ನು ಅವನು ಕಂಡಿರಲಿಲ್ಲ.

"ಅದು ಮನೆಗೆ ಬಂದಾಗಿಂದ ಇವ್ರು ನಿದ್ದೆ ಮಾಡಿಲ್ಲ" ಎಂದಳು ಅವಳು, ಯಾರನ್ನೂ ನೋಡದೆ. "ಟ್ರಂಕ್ ಮೇಲೆ ಕೈ ಇಟ್ಕೊಂಡೇ ಮಲ್ಗೋದು. ಹೆಂಚಿನ ಮೇಲೆ ಇಲಿ ಓಡಿದ್ರೂ ಎದ್ದು ಕೂರ್ತಾರೆ. ನಂಗೆ ಕಣ್ಣು ಮಂಜು, ಏನೂ ಗೊತ್ತಾಗಲ್ಲ ಅಂದ್ಕೊಂಡವ್ರೆ. ಮನುಷ್ಯ ಮಲ್ಗಿದ್ದಾನಾ ಎದ್ದಿದ್ದಾನಾ ಅನ್ನೋದು ಕಣ್ಣಿಲ್ದೆನೂ ಗೊತ್ತಾಗತ್ತೆ."

"ಇಷ್ಟು ದಿನ ಹೇಳ್ಲಿಲ್ವಲ್ಲ ನೀನು?"

"ನಿಮ್ಗೆ ಅದು ಧಣಿ ಕೊಟ್ಟ ಮರ್ಯಾದೆ. ಹೆಂಗೆ ಹೇಳ್ಲಿ?"

ಕಲೀಮುಲ್ಲಾ ಒಳಗೆ ಹೋಗಿ ಟ್ರಂಕು ತೆಗೆದ. ರಿವಾಲ್ವರನ್ನೂ ಗುಂಡುಗಳ ಪೊಟ್ಟಣವನ್ನೂ ತಂದು ಜವರಪ್ಪನ ಮುಂದೆ ಜಗುಲಿಯ ಮೇಲೆ ಇಟ್ಟ. ಆದರೆ ಅಲ್ಲಿಂದ ಕದಲಲಿಲ್ಲ. "ಕತ್ಲಲ್ಲಿ ಮತ್ತೆ ಬಿದ್ರೆ? ಅದಕ್ಕೇನು ಹೇಳ್ತಿ?" ಎಂದು ಹೆಂಡತಿಯನ್ನು ಕೇಳಿದ.

"ನಾನ್ ಬಂದು ಮಲ್ಕೋತೀನಿ ಬೂಬಮ್ಮಾ" ಎಂದಳು ಚೌಡಮ್ಮ. ಆ ಹುಡುಗಿ ಹಗಲು ಹೊತ್ತು, ಕೈಯ ಅಂದಾಜಿನಲ್ಲೇ ಹೊಲಿಯುವ ಜೈನಾಬಿಗೆ ಸೂಜಿಗೆ ದಾರ ಪೋಣಿಸಿಕೊಡುತ್ತಾ, ಪ್ರತಿಯಾಗಿ ರವಿಕೆ ಹೊಲಿಯುವುದನ್ನು ಕಲಿಯುತ್ತಿದ್ದಳು. ವಠಾರದ ಎದುರು ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಅದೇ ಮೊದಲು.

"ನನ್ನ ಊಟ?" ಎಂದ ಬಸವರಾಜು.

"ಬಡ್ಸೇ ಹೋಗ್ತೀನಿ. ಒಬ್ರೇ ಮಲ್ಗಕ್ಕೆ ಭಯನಾ? ಕೋವಿ ಠಾಣೆಗೆ ಹೋಯ್ತಲ್ಲ."

ಈ ಸಲ ಜವರಪ್ಪನೇ ನಕ್ಕ. ಬಸವರಾಜು ಕಿವಿಯ ತನಕ ಕೆಂಪಾದ. "ಹೋಗ್ಲಿ ಬಿಡಿ, ನಾನೇನೂ ಬೇಡ ಅನ್ಲಿಲ್ಲ. ಬೆಳಿಗ್ಗೆ ಬೂಬಮ್ಮ ಬಿದ್ದಿದ್ದು ಅಂತ ನಂಗೆ ಗೊತ್ತಿರ್ಲಿಲ್ಲ ಸಾಬ್ರೆ" ಎಂದ. ಕಲೀಮುಲ್ಲಾ ಅವನ ಭುಜ ಮುಟ್ಟಿದ.

ಸಂಜೆ ದೀಪ ಹಚ್ಚಿ ಕಲೀಮುಲ್ಲಾ ಹೆಂಡತಿಯ ಮೊಣಕಾಲಿನ ಬಟ್ಟೆ ಬಿಚ್ಚಿ ನೋಡಿದ. ಗಾಯ ಒಣಗುತ್ತಿತ್ತು. ಶನಿವಾರ ಧಣಿಗೆ ಏನು ಹೇಳುವುದು, ಅವರು ಒಪ್ಪದೆ ಬೇರೆ ಆಳು ನೋಡಿಕೊಂಡರೆ ಏನು ಮಾಡುವುದು ಎಂದೆಲ್ಲ ಅವನು ಹೇಳುತ್ತಾ ಹೋದ. ಜೈನಾಬಿ ಬಹಳ ಹೊತ್ತು ಕೇಳಿ, "ಮೂಟೆ ತೂಗಿಸಿದ್ರೂ ಅನ್ನ ಹುಟ್ಟತ್ತೆ. ಈಗ ಮಲಕ್ಕೊಳ್ಳಿ" ಎಂದಳು. ಅವನ ಮಾತು ಅರ್ಧದಲ್ಲೇ ನಿಂತಿತು. ಗೋಡೆಗೆ ಒರಗಿದವನು ಕೂತಲ್ಲೇ ನಿದ್ದೆಹೋಗಿದ್ದ. ಅವಳು ಕೈ ಚಾಚಿ ಅವನ ಹಣೆ ಹುಡುಕಿ, ಮೆಲ್ಲಗೆ ದಿಂಬಿನ ಕಡೆ ಒರಗಿಸಿದಳು.

ಶನಿವಾರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕುಳ್ಳಯ್ಯ ರಿವಾಲ್ವರನ್ನು ಬಂಗಲೆಯ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದ. ಧಣಿ ಗೊಣಗಿದರು, ಆದರೆ ಒಪ್ಪಿದರು. ಮುಂದಿನ ಶುಕ್ರವಾರ ಕಲೀಮುಲ್ಲಾ ಜುಮ್ಮಾ ನಮಾಜು ಮುಗಿಸಿ ಹೊಂಗಡಹಳ್ಳದ ಬಸ್ಸು ಹತ್ತಿದ. ಅವತ್ತು ದೀಪ ಹಚ್ಚುವುದಕ್ಕೆ ಮುಂಚೆಯೇ ಚೌಡಮ್ಮ ಚಾಪೆ ಸುತ್ತಿಕೊಂಡು ಅಂಗಳ ದಾಟಿ ಜೈನಾಬಿಯ ಮನೆಗೆ ಬಂದಳು.