ಲ್ಯಾಬ್ ಮೇಷ್ಟ್ರ ಕಾಫಿ
ನಮ್ಮ ಖಾಸಗಿ ವಿಶ್ವವಿದ್ಯಾಲಯದ ಲ್ಯಾಬ್ ಮೇಷ್ಟ್ರಿಗೆ ಇಬ್ಬರು ಯಜಮಾನರು. ಸೂಕ್ಷ್ಮದರ್ಶಕಕ್ಕೆ ಅನುದಾನ ಕೊಟ್ಟ ಸರ್ಕಾರ, ವಿದ್ಯಾರ್ಥಿಗಳು ಬಳಸದಿದ್ದರೆ ಮುಂದಿನ ಕಂತು ಇಲ್ಲ ಎನ್ನುತ್ತದೆ. ಆಡಳಿತ ಮಂಡಳಿಯೋ, ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರಿಗೆ ಅದು ಹೊಚ್ಚಹೊಸದಾಗಿ ಕಾಣಬೇಕು, ಗೀರು ಬಿದ್ದರೆ ಮೇಷ್ಟ್ರ ಕೆಲಸ ಹೋಯಿತು ಎನ್ನುತ್ತದೆ. ಹಗಲೆಲ್ಲ ಮೇಷ್ಟ್ರು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, "ಕೈ ಹಿಂದಕ್ಕೆ! ಉಸಿರೂ ತಾಗಬಾರದು!" ಎಂದು ಗದರುತ್ತಾರೆ. ಸಂಜೆಯಾದರೆ ಬೀಗದ ಕೈಯನ್ನು ಸದ್ದಾಗುವಂತೆ ಮೇಜಿನ ಮೇಲಿಟ್ಟು, "ಕಾಫಿಗೆ ಹೋಗ್ತಿದೀನಿ, ಬರೋದು ಒಂದು ಗಂಟೆ ಆಗುತ್ತೆ. ಯಾರೂ ಮುಟ್ಟಬೇಡ್ರಪ್ಪ!" ಎಂದು ಸಾರಿ ಹೊರಡುತ್ತಾರೆ. ಮೊನ್ನೆ ತಪಾಸಣೆಗೆ ಬಂದ ಸರ್ಕಾರಿ ಅಧಿಕಾರಿ ಅದರ ಸವೆದ ತಿರುಪನ್ನು ಸವರಿ, "ಯಾರ್ರೀ ಇಷ್ಟೊಂದು ಬಳಸಿದ್ದು?" ಎಂದು ಖುಷಿಯಿಂದ ಕೇಳಿದರು. "ಗೊತ್ತಿಲ್ಲ ಸಾರ್, ಕಾಫಿಗೆ ಹೋಗಿದ್ದೆ," ಎಂದರು ಮೇಷ್ಟ್ರು, ಪಕ್ಕದಲ್ಲಿದ್ದ ಮಂಡಳಿಯ ಅಧ್ಯಕ್ಷರತ್ತ ತಿರುಗದೆ. ಮೇಷ್ಟ್ರು ಕಾಫಿ ಬಿಟ್ಟು ಎಷ್ಟೋ ವರ್ಷಗಳಾದವು. ಆ ಒಂದು ಗಂಟೆ ಅವರು ಮೆಟ್ಟಿಲ ಮೇಲೆ ಕೂತು, ಮಂಡಳಿಯವರು ಬಂದಾರೆಂದು ಕಾವಲು ಕಾಯುತ್ತಾರೆ.